ಹೆದರ್ಸೋಕೆ ಒಬ್ರು ಬೇಕಲ್ಲ

ಗಂಜಾಂ, ಶ್ರೀರಂಗಪಟ್ಟಣ
11-7-1996, ಗುರುವಾರ

ಮಗಳಂಥ ಸೊಸೆ ವೀಣಳಿಗೆ ನಿನ್ನ ಮಾವ ಮನಸಾರೆ ಹರಸಿ ಬರೆಯುವುದು.

ಹೇಗಿದ್ದೀಯವ್ವ? ಹಾಸನದ ಚಳಿಗೆ ನಿನ್ನ ಕೆಮ್ಮು ಜಾಸ್ತಿಯಾಗಿಲ್ಲ ತಾನೆ? ಹಾಸ್ಟೆಲಿನ ಸಾರು ಬರೀ ನೀರು ಅಂತ ಬರೆದಿದ್ದೆ, ಓದಿ ನಿಮ್ಮತ್ತೆ ಹೊಟ್ಟೆ ಉರಿದುಕೊಂಡಳು. ನಾವೆಲ್ಲ ಚೆನ್ನಾಗಿದ್ದೇವೆ. ಗೌರಿ ಹಸು ಹೆಣ್ಣುಗರು ಹಾಕಿದೆ. ನಿನ್ನ ಮಗಳು ಧನುಶ್ರೀ ಗುಂಡುಗುಂಡಾಗಿದ್ದಾಳೆ. ನಿನ್ನ ಗಂಡ ಮಾತ್ರ ಕೋಪವನ್ನು ಮೂಗಿನ ತುದಿಯಲ್ಲಿಟ್ಟುಕೊಂಡು ಓಡಾಡುತ್ತಾನೆ.

ಅವನ ಕೋಪಕ್ಕೆ ಕಾರಣ ನಿನಗೆ ಗೊತ್ತೇ ಇದೆ. ಒಂದನೇ ಕ್ಲಾಸಿಗೆ ಸೇರಿಸಿದ ಮೇಲೆ ಧನು ಸ್ಕೂಲಿಗೆ ಹೋಗಲ್ಲ ಅಂತ ಮಂಚದ ಕಾಲು ತಬ್ಬಿಕೊಂಡು ಅಳುತ್ತಿದ್ದಳು. "ಅವ್ವ ಇಲ್ದೆ ಮಗ ಅಂಗಾಡ್ತದೆ. ಟೀಚರ್ ಓದೂ ಬ್ಯಾಡ, ಏನೂ ಬ್ಯಾಡ, ವೀಣನ್ನ ಕರ್ಕೊಂಬತ್ತೀನಿ" ಅಂತ ಪುಟ್ಟರಾಜು ದಿನಾ ಕೂಗಾಡಿದ. ನೀನು ಹೊರಟಾಗ, ಮಗು ನಮ್ಮದು, ನೀನು ಓದು ಅಂತ ಮಾತು ಕೊಟ್ಟವನು ನಾನು. ನಿನ್ನ ಟ್ರೈನಿಂಗು ಅರ್ಧಕ್ಕೆ ನಿಂತರೆ ಯಾವ ಮುಖ ಇಟ್ಟುಕೊಂಡು ನಿನ್ನೆದುರು ಕೂರಲಿ? ಯೋಚಿಸಿ ಯೋಚಿಸಿ, ಧನುವಿನ ಕ್ಲಾಸಿನ ಹೊಸ ಟೀಚರೇ ಹೊಡೆದಿರಬೇಕು ಅಂತ ತೀರ್ಮಾನ ಮಾಡಿಬಿಟ್ಟೆ. ಅವರ ಹೆಸರು ಜುಲೇಖಾ, ಕೋಟೆಯೊಳಗೆ ಮನೆ. ಹೆಸರು ಕೇಳಿದ ಮೇಲೆ ನನ್ನ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಯಾಕೆ ಅಂತ ಕೇಳಬೇಡ, ಆಗ ನಾನೂ ಕೇಳಿಕೊಳ್ಳಲಿಲ್ಲ.

ಹೋದ ಭಾನುವಾರ ಬೆಳಿಗ್ಗೆ ಮೀಸೆ ಹುರಿ ಮಾಡಿಕೊಂಡು ಅವರ ಮನೆ ಬಾಗಿಲಲ್ಲಿ ನಿಂತೆ. ಒಳಗಿಂದ ಒಂದು ಪುಟ್ಟ ಹೆಣ್ಣುಮಗು ಓಡಿ ಬಂತು. ನನ್ನ ಮುಖ ನೋಡಿದ್ದೇ ಕಿಟಾರನೆ ಕಿರುಚಿ ಮಂಚದ ಕೆಳಗೆ ನುಗ್ಗಿತು. "ಮೂಛ್‌ವಾಲಾ ಗೌಡ! ಮೂಛ್‌ವಾಲಾ ಗೌಡ!" ಅಂತ ಒಂದೇ ಸಮನೆ ಅಳು. ನಾನು ಕಕ್ಕಾಬಿಕ್ಕಿ. ಕೋಳಿ ಕೊಯ್ಯುವಾಗ ಕಣ್ಣು ಮುಚ್ಚಿಕೊಳ್ಳುತ್ತೇನೆ ಅಂತ ನೀವೆಲ್ಲ ನಗುತ್ತೀರಲ್ಲ, ಅಂಥ ನನ್ನನ್ನು ಕಂಡು! ಟೀಚರು ನಾಚಿಕೊಂಡು ಮಗುವನ್ನು ಹೊರಗೆಳೆಯಲು ಬಗ್ಗಿದರು. ಅವರ ತಾಯಿ, ಹೆಚ್ಚುಕಡಿಮೆ ನನ್ನ ವಯಸ್ಸಿನವರು, ನಗುತ್ತಲೇ ಹೇಳಿಬಿಟ್ಟರು: "ನಮ್ ರೇಷ್ಮಾ ಉಣ್ಣೋಕೆ ಹಟ ಮಾಡಿದ್ರೆ ಮೀಸೆ ಗೌಡ ಎತ್ಕೊಂಡು ಹೋಯ್ತಾನೆ ಅಂತೀನಿ ಅಣ್ಣಾ. ಬೇಜಾರ್ ಮಾಡ್ಕೋಬೇಡಿ." ಯಾವ ಗೌಡ, ಏನು ಮಾಡಿದ್ದ ಅಂತ ಕೇಳಿದೆ. "ಯಾರೂ ಏನೂ ಮಾಡಿಲ್ಲ. ನಮ್ಮಮ್ಮನೂ ನಂಗೆ ಹಂಗೇ ಹೇಳ್ತಿದ್ಲು. ಹೆದರ್ಸೋಕೆ ಒಬ್ರು ಬೇಕಲ್ಲ ಅಣ್ಣಾ" ಅಂದರು. ಏಲಕ್ಕಿ ಹಾಕಿದ ಟೀ ಕೊಟ್ಟರು. ಜಗಳಕ್ಕೆ ಹೋದವನು ಟೀ ಕುಡಿದು ಎದ್ದು ಬಂದೆ.

ದಾರಿಯುದ್ದಕ್ಕೂ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ಮನೆಗೆ ಬಂದರೆ ನಿಮ್ಮತ್ತೆ ಧನುಗೆ ಮುದ್ದೆ ಉಣಿಸುತ್ತಿದ್ದಳು. "ನುಂಗವ್ವ, ನುಂಗು. ಇಲ್ದಿದ್ರೆ ಕಲಾಯಿ ಸಾಬಿ ಬಂದು ಚೀಲಕ್ಕೆ ತುಂಬ್ಕೊಂಡು ಹೊಂಟೋಯ್ತಾನೆ." ಪಾತ್ರೆಗೆ ಕಲಾಯಿ ಹಾಕಲು ವರ್ಷಕ್ಕೊಮ್ಮೆ ಬರುತ್ತಾನಲ್ಲ, ಆ ಬಡಪಾಯಿ! ಈ ಮಾತನ್ನು ಸಾವಿರ ಸಲ ಕೇಳಿದ್ದೇನೆ, ಆವತ್ತೇ ನನ್ನ ಕಿವಿಗೆ ಬಿದ್ದದ್ದು. ಧನುವನ್ನು ತೊಡೆ ಮೇಲೆ ಕೂರಿಸಿಕೊಂಡು, ಟೀಚರು ಹೊಡೆದರಾ ಅಂತ ಕೇಳಿದೆ. ಇಲ್ಲ ಅಂತ ತಲೆಯಾಡಿಸಿದಳು. ಆಮೇಲೆ ನನ್ನ ಕಿವಿಗೆ ಬಾಯಿಟ್ಟು, "ತಾತ, ಅವ್ರು ಸಾಬ್ರಂತೆ, ಅಜ್ಜಿ ಅಂದ್ಲು. ಚೀಲ ಎಲ್ಲಿಟ್ಟವ್ರೆ?" ಅಂದಳು. ಪಕ್ಕದಲ್ಲೇ ಕೂತಿದ್ದ ನಿಮ್ಮತ್ತೆಗೂ ಅದು ಕೇಳಿಸಿತು. "ಅಯ್ಯೋ, ನನ್ ಬಾಯ್ಗೆ ಮಣ್ಣಾಕ! ಮಗ ಉಣ್ಲಿ ಅಂತ ಅಂದೆ ಕಣ್ರೀ" ಅಂತ ಅತ್ತೇಬಿಟ್ಟಳು. ಪಾಪ, ಅವಳಿಗೆ ಯಾರ ಮೇಲೂ ದ್ವೇಷವಿಲ್ಲ ವೀಣಾ. ನನಗೂ ನಮ್ಮವ್ವ ಹಾಗೇ ಉಣಿಸಿದ್ದು. ತುತ್ತಿನ ಜೊತೆ ಇನ್ನೇನು ಹೊಟ್ಟೆಗೆ ಹೋಯಿತು ಅಂತ ಯಾರೂ ನೋಡಲಿಲ್ಲ.

ಸಂಜೆ ಧನುವನ್ನು ಹೆಗಲ ಮೇಲೆ ಕೂರಿಸಿಕೊಂಡು ಮತ್ತೆ ಅವರ ಮನೆಗೆ ಹೋದೆ. ವಿಷಯ ಕೇಳಿದ ಜುಲೇಖಾ ಟೀಚರು ತಮ್ಮ ಬ್ಯಾಗು ತಂದು ಚಾಪೆಯ ಮೇಲೆ ಸುರಿದರು. ಸೀಮೆಸುಣ್ಣ, ಟಿಫನ್ ಡಬ್ಬಿ, ಒಂದು ಬಾಚಣಿಗೆ. ಧನು ಖಾಲಿ ಬ್ಯಾಗಿನೊಳಗೆ ತಲೆ ತೂರಿಸಿ ನೋಡಿದಳು. ನಾನೂ ನೆಲದ ಮೇಲೆ ಕೂತು ಮುಖ ಮುಂದೊಡ್ಡಿದೆ. ರೇಷ್ಮಾ ಅಜ್ಜಿಯ ಹಿಂದೆ ಬಹಳ ಹೊತ್ತು ಅವಿತಿದ್ದು, ಕೊನೆಗೆ ಬಂದು ಮೀಸೆಯನ್ನು ಎಳೆದೇ ಎಳೆದಳು. ಕಣ್ಣಲ್ಲಿ ನೀರು ಬಂತು, ಆದರೂ ಅಂಥ ಖುಷಿ ನನಗೆ ಈಚೆಗೆ ಆಗಿರಲಿಲ್ಲ. ಸೋಮವಾರದಿಂದ ಧನು ಅಳದೆ ಸ್ಕೂಲಿಗೆ ಹೋಗುತ್ತಿದ್ದಾಳೆ. ಊಟ ಮಾಡಿಸುವುದು ಮಾತ್ರ ನಿಮ್ಮತ್ತೆಗೆ ದೊಡ್ಡ ಫಜೀತಿಯಾಗಿದೆ, ಒಂದು ಮುದ್ದೆಗೆ ಬೀದಿಯೆಲ್ಲ ಸುತ್ತುತ್ತಾಳೆ.

ಮೈ ಹುಷಾರು ಕಣವ್ವ. ಹೊತ್ತು ಹೊತ್ತಿಗೆ ಉಣ್ಣು, ತಲೆಗೆ ಎಣ್ಣೆ ಹಚ್ಚಿಕೋ. ನಿಮಿಷಾಂಬೆ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಮಾವ,
ಚಿಕ್ಕಯ್ಯ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಿನ್ನೆ ನಿಮ್ಮತ್ತೆ ಬೇರೆ ದಾರಿ ಕಾಣದೆ "ಗುಮ್ಮ ಬತ್ತಾನೆ" ಅಂದಳು. ಧನು ಅಗಿಯುವುದನ್ನು ನಿಲ್ಲಿಸಿ, "ಅಜ್ಜಿ, ಗುಮ್ಮ ಗೌಡ್ರವ್ನಾ, ಸಾಬ್ರವ್ನಾ?" ಅಂತ ಕೇಳಿದಳು. ಮಗು ಸ್ಕೂಲಿಗೆ ಹೋದರೂ ಪುಟ್ಟರಾಜನಿಗೆ ಇನ್ನೂ ನಂಬಿಕೆ ಬಂದಿಲ್ಲ, ಈ ಭಾನುವಾರ ನಿನ್ನನ್ನು ಕರೆತರಲು ಬರುತ್ತಾನೆ. ಎಷ್ಟು ಕರೆದರೂ ಬರಬೇಡ. ಟೀಚರಾಗಿಯೇ ಬಾ. ಗುಮ್ಮ ಯಾರವನು ಅಂತ ಧನು ಕೇಳಿದ್ದಕ್ಕೆ ಉತ್ತರ ಕೊಡುವುದು ನಿಮ್ಮತ್ತೆ ಕೈಲೂ ನನ್ನ ಕೈಲೂ ಆಗಲಿಲ್ಲ.