ಮಗಳನ್ನು ತೂಗಿದ ಕಾಗದ

ಜೂನ್ ೧೧, ಬುಧವಾರ.

ಮಗಳು ಯಂತ್ರವಿದ್ಯೆಯ ಅರ್ಜಿಯನ್ನು ಹಿಂತೆಗೆದುಕೊಳ್ಳುತ್ತಾಳಂತೆ. ಶಾಲೆಯ ಸಲಹೆಗಾರ್ತಿ ಅರವತ್ತು ಪ್ರಶ್ನೆಗಳಿಂದ ಅವಳ ಸ್ವಭಾವವನ್ನು ಅಳೆದು, ‘ಜನರ ನಡುವಿನ ಕೆಲಸಕ್ಕೆ ಸೂಕ್ತ, ಯಂತ್ರಗಳಿಗಲ್ಲ’ ಎಂದು ಬರೆದುಕೊಟ್ಟಿದ್ದಾರೆ. ಏನು ಧೈರ್ಯ! ಸಂಜೆ ಅದೇ ಪ್ರಶ್ನೆಗಳನ್ನು ಅವಳಿಂದ ಮತ್ತೆ ತುಂಬಿಸಿದೆ. ಫಲಿತಾಂಶ ಬೇರೆಯೇ ಬಂತು. ಇಪ್ಪತ್ತೆಂಟು ವರ್ಷಗಳಿಂದ ಅಂಗಡಿಗಳ ತಕ್ಕಡಿಗಳನ್ನು ಪರೀಕ್ಷಿಸುತ್ತಿರುವವನು ನಾನು. ಒಂದೇ ಕಲ್ಲಿಗೆ ಎರಡು ತೂಕ ತೋರಿಸುವ ತಕ್ಕಡಿಗೆ ಎಂದೂ ಮುದ್ರೆ ಒತ್ತಿಲ್ಲ.

ಇದನ್ನೇ ಹೇಳಿ ಕಾಗದ ಹರಿಯಹೊರಟಾಗ ಮಗಳು ನಕ್ಕಳು: “ಅವರ ಮೇಲೆ ಯಾಕಪ್ಪ ಹಾರಾಡ್ತೀರಿ? ‘ಇಷ್ಟು ಮಾತಾಡೋಳಿಗೆ ಮೆಷಿನ್ ಯಾಕೆ’ ಅಂತ ವರ್ಷಗಟ್ಟಲೆ ಅಂದಿದ್ದು ನೀವು. ಅವರು ಟೈಪ್ ಮಾಡಿಕೊಟ್ರು, ಅಷ್ಟೆ.”

ತಮಾಷೆಗೆ ಅಂದಿದ್ದೆ, ಒಮ್ಮೆಯೂ ಅಳೆದು ನೋಡದೆ. ಅರ್ಜಿ ಹಿಂತೆಗೆಯಬೇಡವೆಂದು ನಾಳೆ ನಾನೇ ಕೇಳಿಕೊಳ್ಳಬೇಕು. ಸಿಟ್ಟು ಇನ್ನೂ ಇಳಿದಿಲ್ಲ. ಯಾರ ಮೇಲೆಂಬುದು ಮಾತ್ರ ಬದಲಾಗಿದೆ.