ಟ್ಯಾಕ್ಸಿಯ ಗಾಜಿಗೆ ಬಿಸಿನೀರು

ಅಕ್ಕನ ಮಗಳು ನಿಲ್ದಾಳಿಗೆ,

ಬೊಲಿವಿಯಾದ ಈ ಒರೂರೊ ಊರಿನ ಚಳಿ ಹೆದರುವುದು ನಿನ್ನ ಮಾವನೊಬ್ಬನಿಗೇ. ಇಲ್ಲಿ ಚಳಿಗಾಲವೆಂದರೆ ಜುಲೈ; ಅದು ಬಂತೆಂದರೆ ಬೆಳಗಾಗುವಷ್ಟರಲ್ಲಿ ಟ್ಯಾಕ್ಸಿಯ ಮುಂದಿನ ಗಾಜಿನ ಮೇಲೆ ಬೆರಳು ದಪ್ಪ ಮಂಜುಗಡ್ಡೆ. ಇಲ್ಲಿನವರು ಅದು ಕಟ್ಟದಿರಲೆಂದು ಸಂಜೆಯೇ ಹೆಚ್ಚಿದ ಆಲೂಗಡ್ಡೆಯನ್ನು ಗಾಜಿಗೆ ಉಜ್ಜಿಡುತ್ತಾರೆ.

"ನೀನೂ ಉಜ್ಜೋ ಫೆರ್ಮಿನ್," ಎಂದಿದ್ದಳು ಜೋಳದ ಗಂಜಿ ಮಾರುವ ಬಸಿಲಿಯಾ.

"ಗಾಜಿಗ್ಯಾಕಮ್ಮ ಪಲ್ಯ?" ಎಂದಿದ್ದೆ. ಬೆಳಿಗ್ಗೆ ಅವಳ ಒಲೆಯ ಮೇಲಿದ್ದ ಕುದಿಯುವ ನೀರನ್ನೇ ಸುರಿದೆ. ಮಂಜು ಹೋಯಿತು, ಗಾಜು ಅಡ್ಡಕ್ಕೆ ಸೀಳಿತು.

"ಒಂದಿತ್ತು, ಈಗ ಎರಡಾಯ್ತಲ್ಲೋ," ಎಂದಳು.

ಆದರೂ ಆಲೂಗಡ್ಡೆ ಮುಟ್ಟುವವನಲ್ಲ ನಾನು. ಹೊಸ ಗಾಜಿಗೆ ನಾಳೆಯಿಂದ ಉಗುರುಬೆಚ್ಚಗಿನ ನೀರು. ಮೈ ಗಟ್ಟಿಯಾಗಿದೆ, ಕೆಮ್ಮಿಲ್ಲ. ಗಾಜಿಗೆ ಐವತ್ತು ಬೊಲಿವಿಯಾನೊ ಹೋಯಿತೆಂದು ನಿಮ್ಮಮ್ಮನಿಗೆ ಹೇಳು. ಹಾಳೆಯಲ್ಲಿ ಜಾಗ ಮುಗಿಯಿತು.

ಫೆರ್ಮಿನ್ ಮಾವ

ನಿಜಕ್ಕೂ ಹೋದದ್ದು ಒಂಬೈನೂರ ಎಂಬತ್ತು.