ಜೊತೆಯಲ್ಲಿ ಉಂಡವರು

ಮಂಗಳವಾರ, ಸಂಜೆ

ಹೊಲಿಗೆಯಂತ್ರ ರಿಪೇರಿ ಅಂಗಡಿಯ ಯಜಮಾನರಿಗೆ, ನಿಮ್ಮ ಹೆಂಡತಿ ಮಾಡುವ ನಮಸ್ಕಾರ.

ನಾಲ್ಕು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡಿ. ಇದು ವಕೀಲರು ಬರೆಸಿದ ಕಾಗದವಲ್ಲ. ಒಂದೇ ಒಂದು ಪ್ರಶ್ನೆ ಕೇಳುವುದಿದೆ. ಆ ಗಿಡಮೂಲಿಕೆಯ ಹೆಂಗಸಿಗೆ ನನ್ನ ವಿಷಯ ಏನೇನು ಹೇಳಿದಿರಿ?

ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು "ಹ್ಞೂಂ" ಅಂದು ಸುಮ್ಮನಾಗುತ್ತೀರಿ. ನೀವು ಸುಮ್ಮನಾದ ಕೂಡಲೇ ನಿಮ್ಮ ಅಕ್ಕ ಹಿಂದಿನಿಂದ "ಯಾರೋ ಅದು?" ಅನ್ನುವುದು ಕೇಳಿಸುತ್ತದೆ. ಕಾಗದವನ್ನಾದರೆ ನೀವು ಅಂಗಡಿಯಲ್ಲಿ ಒಬ್ಬರೇ ಓದುತ್ತೀರಿ.

ನನ್ನ ಹೊಟ್ಟೆಯ ಪುರಾಣ ನಿಮಗೆ ಬಾಯಿಪಾಠ. ನಾಲ್ಕು ತುತ್ತು ಒಳಗೆ ಹೋದರೆ ಉಬ್ಬರ, ಐದನೆಯದಕ್ಕೆ ಉರಿ, ಆಮೇಲೆ ಎರಡು ಗಂಟೆ ಬೆನ್ನಿಗೆ ದಿಂಬು ಕೊಟ್ಟು ಕೂರುವುದು. ಎಂಟು ವರ್ಷದಲ್ಲಿ ನುಂಗಿದ ಮಾತ್ರೆಗಳನ್ನು ಸಾಲಾಗಿ ಇಟ್ಟರೆ ನಿಮ್ಮ ಅಂಗಡಿಯಿಂದ ನಮ್ಮ ಕಾರ್ಖಾನೆಯವರೆಗೆ ಬಂದಾವು. ಈ ವರ್ಷ ಅದು ಜಾಸ್ತಿಯಾಯಿತು. ಕನ್ನಡಕದ ಗಾಜಿಗೆ ಬಣ್ಣ ಹಾಕುವವಳೊಬ್ಬಳು ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಾಳೆ. ಒಂದು ದಿನ ನನ್ನ ಊಟದ ಡಬ್ಬಿ ನೋಡಿ, "ಇದೇನೇ, ಗುಬ್ಬಚ್ಚಿಗೆ ಹಾಕೋಷ್ಟು ತಂದಿದೀಯ!" ಅಂದಳು. ಫೋನಿನಲ್ಲಿ ಆ ಗಿಡಮೂಲಿಕೆಯವರ ಪುಟ ತೆಗೆದು ತೋರಿಸಿದ್ದು ಅವಳೇ. ಅವಳ ಅತ್ತಿಗೆಯ ಹನ್ನೆರಡು ವರ್ಷದ ಮಲಬದ್ಧತೆ ಹದಿನೈದು ದಿನದಲ್ಲಿ ಹೋಯಿತಂತೆ. ನಾನು, "ಎಲ್ಲಿಗೆ ಹೋಯಿತು?" ಅಂತ ಕೇಳಿದೆ. ಅವಳು ನಗಲಿಲ್ಲ.

ನನ್ನನ್ನು ನೀವು ಬಲ್ಲಿರಿ. ಗಾಜನ್ನು ದೀಪಕ್ಕೆ ಹಿಡಿದು ಕೂದಲೆಳೆಯಷ್ಟು ಗೀರು ಹುಡುಕುವುದು ನನ್ನ ಹೊಟ್ಟೆಪಾಡು. ನಾನು ಆ ಪುಟದಲ್ಲಿ ಮೊದಲು ಹುಡುಕಿದ್ದು ಮೋಸವನ್ನೇ. ವಿಡಿಯೋದಲ್ಲಿ ಮಾತಿಗೆ ಕೂತಾಗ ಅವರ ಅರ್ಧ ಮುಖ ಮಾತ್ರ ಕಂಡಿತು, ಹಣೆ ಮತ್ತು ಒಂದು ಕಣ್ಣು. ಫೋನನ್ನು ಯಾವುದೋ ಡಬ್ಬಕ್ಕೆ ಒರಗಿಸಿದ್ದರು. ಹಿಂದೆ ಕಪಾಟಿನಲ್ಲಿ ಜಾಡಿಗಳಿದ್ದವು. ಅವುಗಳ ಮೇಲಿನ ಚೀಟಿಗಳೆಲ್ಲ ಗೋಡೆಯ ಕಡೆಗೆ ತಿರುಗಿದ್ದವು. ಯಾಕೆ ಹೀಗೆ ಅಂತ ಕೇಳಿಯೇಬಿಟ್ಟೆ. "ಹೆಸರು ಓದ್ಕೊಂಡು ಜನ ಮನೇಲೇ ಅರೆದುಕೊಂಡು ಕುಡೀತಾರಮ್ಮ. ಮೂರನೇ ದಿನ ನನ್ನ ಬೈತಾರೆ" ಅಂದರು. ಉತ್ತರ ತೀರ ಸಲೀಸಾಗಿ ಬಂತು. ಸಲೀಸಾಗಿ ಬರುವ ಉತ್ತರವನ್ನು ನಾನು ನಂಬುವುದಿಲ್ಲ.

ಮಾತಿಗೆ ಮೊದಲು ಅವರು ನಲವತ್ತೊಂದು ಪ್ರಶ್ನೆಗಳ ಒಂದು ನಮೂನೆ ಕಳಿಸಿದ್ದರು. ಏನು ತಿನ್ನುತ್ತೀರಿ, ಎಷ್ಟು ಹೊತ್ತಿಗೆ, ಕೂತೋ ನಿಂತೋ, ನಾಲಿಗೆಯ ಬಣ್ಣ, ಮಲದ ಬಣ್ಣ, ಮನೆಯಲ್ಲಿ ಬೇರೆ ಯಾರಿಗಾದರೂ ಈ ತೊಂದರೆ ಇತ್ತೇ. ಕೊನೆಯ ಪ್ರಶ್ನೆ ಹೀಗಿತ್ತು: ನಿಮ್ಮ ಜೊತೆಯಲ್ಲಿ ಅತಿ ಹೆಚ್ಚು ಕಾಲ ಊಟ ಮಾಡಿದವರು ಯಾರು? ಅವರ ಫೋನ್ ನಂಬರ್ ಕೊಡಿ, ಬೇಕೆನಿಸಿದರೆ ಮಾತಾಡುತ್ತೇವೆ. ಬೇರೆ ಯಾರಾದರೂ ಆಗಿದ್ದರೆ ಪಕ್ಕದ ಮೇಜಿನವಳ ಹೆಸರು ಗೀಚಿ ಕೈ ತೊಳೆದುಕೊಳ್ಳುತ್ತಿದ್ದರು. ನಾನು ಪೆನ್ನು ಕಾಗದ ಹಿಡಿದು ಕೂತೆ. ಅಮ್ಮನ ಜೊತೆ ಇಪ್ಪತ್ತೇಳು ವರ್ಷ, ಆದರೆ ಅವಳಿಲ್ಲ. ಬದುಕಿರುವವರಲ್ಲಿ ನಿಮ್ಮ ಜೊತೆ ಇಪ್ಪತ್ತೊಂದು ವರ್ಷ. ಪಕ್ಕದ ಮೇಜಿನವಳ ಜೊತೆ ಬರೀ ಮೂರು, ಅದೂ ಮಧ್ಯಾಹ್ನ ಮಾತ್ರ. ಸುಳ್ಳು ಬರೆಯಲು ಕೈ ಬರಲಿಲ್ಲ, ನಿಮ್ಮ ನಂಬರ್ ಬರೆದೆ. ಗೊತ್ತಿಲ್ಲದ ನಂಬರಿನ ಫೋನನ್ನು ನೀವು ಎತ್ತುವುದಿಲ್ಲ ಎಂಬ ಧೈರ್ಯವಿತ್ತು. ಗ್ರಾಹಕರದ್ದೇ ಎತ್ತುವುದಿಲ್ಲವಲ್ಲ ನೀವು.

ಪುಡಿ ಅಂಚೆಯಲ್ಲಿ ಬಂತು. ಚಿಟಿಕೆಯಷ್ಟನ್ನು ಕಾರ್ಖಾನೆಗೆ ಒಯ್ದು ಭೂತಗನ್ನಡಿಯ ಕೆಳಗೆ ಹರಡಿದೆ. ಒಣ ಬೇರಿನ ನಾರು, ಯಾವುದೋ ಬೀಜದ ಸಿಪ್ಪೆ, ಒಂದು ಬಿಳಿ ಹುಡಿ. ಬಿಳಿಯದ್ದರ ಮೇಲೆ ಅನುಮಾನ ಬಂದು ಕೇಳಿದರೆ, "ಸಕ್ಕರೆ ಕಣಮ್ಮ, ಇಲ್ದಿದ್ರೆ ನೀವು ಉಗೀತೀರ" ಅಂದರು. ನೆಕ್ಕಿ ನೋಡಿದೆ, ಸಕ್ಕರೆಯೇ. ಮೂರು ವಾರಕ್ಕೆ ಉರಿ ಸ್ವಲ್ಪ ತಗ್ಗಿತು. ಅದಕ್ಕೂ ಅನುಮಾನಪಟ್ಟೆ. ನೋವು ಮುಚ್ಚುವ ಯಾವುದಾದರೂ ಮಾತ್ರೆಯನ್ನು ಕುಟ್ಟಿ ಸೇರಿಸಿದ್ದಾರೋ ಅಂತ ಇನ್ನೊಮ್ಮೆ ಗಾಜಿನ ಕೆಳಗೆ ನೋಡಿದೆ. ಏನೂ ಸಿಗಲಿಲ್ಲ. ಸಿಗದಿದ್ದರೆ ನನಗೆ ಎಷ್ಟು ಕಸಿವಿಸಿಯಾಗುತ್ತದೆ ಅಂತ ನಿಮಗೆ ಗೊತ್ತು.

ಎರಡನೆಯ ಸಲ ಮಾತಿಗೆ ಕೂತಾಗ ಅವರ ದನಿಯೇ ಬೇರೆಯಾಗಿತ್ತು. ನಾನು ಒಲೆಯ ಪಕ್ಕ ನಿಂತು ಪಾತ್ರೆಯಿಂದಲೇ ತಿನ್ನುತ್ತೇನೆ ಅಂತ ಅವರಿಗೆ ಗೊತ್ತಿತ್ತು. ನಾನು ನಮೂನೆಯಲ್ಲಿ ಬರೆದದ್ದು, "ಕೂತು". ಭಯವಾದಾಗಲೆಲ್ಲ "ಬರೀ ಗ್ಯಾಸು" ಅಂತ ಹೇಳಿ ಮಾತು ಮುಗಿಸುತ್ತೇನೆ ಅಂತಲೂ ಗೊತ್ತಿತ್ತು. ನನ್ನ ಫೋನಿನಲ್ಲೇ ಏನೋ ಕೂರಿಸಿದ್ದಾರೆ ಅಂದುಕೊಂಡೆ. ಕ್ಯಾಮೆರಾದ ಮೇಲೆ ಕಾಗದದ ಚೂರು ಅಂಟಿಸಿದೆ. ಎದುರು ಮನೆಯವಳು ಅಡುಗೆಮನೆಯ ಕಿಟಕಿಯ ಕಡೆ ನೋಡುತ್ತಿದ್ದಾಳೆ ಅನ್ನಿಸಿ ಪರದೆ ಎಳೆದೆ. ಪಕ್ಕದ ಮೇಜಿನವಳ ಜೊತೆ ನಾಲ್ಕು ದಿನ ಮಾತು ಬಿಟ್ಟೆ. ಪಾಪ, ಅವಳು ಕಾರಣ ಕೇಳಿದರೆ ಹೇಳಲೂ ಬಾಯಿಲ್ಲ.

ಮೂರನೆಯ ಸಲ ಆ ಒಂಟಿ ಕಣ್ಣು ನನ್ನನ್ನೇ ನೋಡುತ್ತ, "ನಿಮ್ಮ ತಾಯಿಗೂ ಹೀಗೇ ಶುರುವಾಗಿದ್ದಂತಲ್ಲ" ಅಂದಿತು.

ನಾನು ಆ ಪ್ರಶ್ನೆಯ ಎದುರಿಗೆ "ಯಾರಿಗೂ ಇಲ್ಲ" ಅಂತ ಬರೆದಿದ್ದೆ. ಅಮ್ಮನ ಕಾಯಿಲೆ ಹೊಟ್ಟೆಯಲ್ಲಿ ಶುರುವಾಗಿದ್ದನ್ನು ಬಲ್ಲವರು ಇನ್ನು ಉಳಿದಿರುವುದು ಇಬ್ಬರೇ, ನೀವು ಮತ್ತು ನಾನು. ಆಗ ಆ ಕೊನೆಯ ಪ್ರಶ್ನೆ ನೆನಪಾಯಿತು. ನೀವು ಫೋನ್ ಎತ್ತಿದ್ದೀರಿ! ಇಪ್ಪತ್ತೊಂದು ವರ್ಷದಲ್ಲಿ ಗೊತ್ತಿಲ್ಲದ ನಂಬರನ್ನು ಒಂದು ದಿನವೂ ಎತ್ತದವರು, ಅದೇ ಒಂದು ದಿನ ಎತ್ತಿದ್ದೀರಿ.

ಅವರು ಆಮೇಲೆ ಹೇಳಿದ್ದು ಇಷ್ಟು. ಮಲದ ಬಣ್ಣದ ಬಗ್ಗೆ ನಿಜ ಹೇಳಬೇಕು, ಗಂಟಲಲ್ಲಿ ನಳಿಕೆ ಇಳಿಸಿ ಒಳಗೆ ನೋಡುವ ಪರೀಕ್ಷೆ ಮಾಡಿಸಬೇಕು, ವರದಿ ತೋರಿಸುವವರೆಗೆ ಒಂದು ಚಿಟಿಕೆ ಪುಡಿಯನ್ನೂ ಕಳಿಸುವುದಿಲ್ಲ. ಓಹೋ, ಗುಟ್ಟು ಇಲ್ಲಿದೆ ಅಂದುಕೊಂಡೆ. ಯಾವ ಆಸ್ಪತ್ರೆಗೆ ಹೋಗಲಿ ಅಂತ ನಯವಾಗಿ ಕೇಳಿದೆ. ಹೆಸರು ಹೇಳಿದರೆ ಅವರ ವ್ಯಾಪಾರ ಬಯಲಾಗುತ್ತಿತ್ತು. "ನಿಮಗೆ ಹತ್ತಿರ ಇರೋದಕ್ಕೆ ಹೋಗಿ. ನನಗೇನು ಗೊತ್ತು ನಿಮ್ಮೂರು? ನಾನು ಬೇರು ಮಾರೋಳು, ಹೊಟ್ಟೆ ಒಳಗೆ ಕಣ್ಣಿಟ್ಟು ನೋಡೋಕೆ ನನ್ನ ಕೈಲಾಗಲ್ಲ" ಅಂದು ಫೋನಿಟ್ಟರು. ಆ ಹೆಂಗಸನ್ನು ನಾನು ಈಗಲೂ ಪೂರ್ತಿ ನಂಬುವುದಿಲ್ಲ. ಆದರೆ ಅವರಲ್ಲಿ ಗೀರು ಎಲ್ಲಿದೆ ಅಂತ ತೋರಿಸು ಅಂದರೆ ತೋರಿಸಲಾರೆ.

ಕೋಪ ನಿಮ್ಮ ಕಡೆ ತಿರುಗಿತು. ಹೇಳಬಾರದ್ದನ್ನು ಹೇಳಲು ಈಗ ಬಾಯಿ ಬಂತೇ ನಿಮಗೆ? ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ನನಗೆ ರಜೆ ಸಿಗಲಿಲ್ಲ, ನೀವು ಅಂಗಡಿ ಮುಚ್ಚಿ ಹೋದಿರಿ. ವೈದ್ಯರು ನಿಮಗೆ ಎಲ್ಲ ಹೇಳಿದರು. ನೀವು ಮನೆಗೆ ಬಂದು ಚಪ್ಪಲಿ ಬಿಡುತ್ತ, "ಹುಣ್ಣು ಅಷ್ಟೇ, ಮಾಗುತ್ತೆ" ಅಂದಿರಿ. ಅವಳು ಹೋಗುವವರೆಗೂ, ಇಪ್ಪತ್ತಮೂರು ದಿನ, ಅದೇ ಮಾತು. "ಅತ್ತೆ ಹೇಳಬೇಡಿ ಅಂದ್ರು" ಅಂತ ಆಮೇಲೆ ಹೇಳಿದಿರಿ, ಇರಬಹುದು. ಆದರೆ ಆ ಇಪ್ಪತ್ತಮೂರು ದಿನ ನಾನು ಅವಳನ್ನು ಬೈದೆ. ತಟ್ಟೆ ತಳ್ಳಿದಾಗಲೆಲ್ಲ, "ಚಿಕ್ಕ ಮಗು ಹಾಗೆ ಹಠ ಮಾಡ್ಬೇಡ, ತಿನ್ನು" ಅಂತ ಗದರಿದೆ. ಅವಳು ನುಂಗಲು ಯತ್ನಿಸುತ್ತಿದ್ದಳು. ನೀವು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಿರಿ. ನಾನು ಮನೆ ಬಿಟ್ಟದ್ದು ನೀವು ಸುಳ್ಳು ಹೇಳಿದ್ದಕ್ಕಲ್ಲ. ಅಷ್ಟು ಚೆನ್ನಾಗಿ ಸುಳ್ಳು ಹೇಳಬಲ್ಲವರ ಪಕ್ಕ ಕೂತು ಇನ್ನು ಯಾವ ಮಾತನ್ನು ನಂಬಲಿ ಅನ್ನಿಸಿತು, ಅದಕ್ಕೆ.

ಮೊನ್ನೆ ನಾನೇ ಆ ಗಿಡಮೂಲಿಕೆಯವರಿಗೆ ಫೋನ್ ಮಾಡಿ ಜಗಳ ತೆಗೆದೆ. ನನ್ನ ಗಂಡನ ಮಾತು ಕೇಳಿ ನನ್ನ ಔಷಧ ನಿಲ್ಲಿಸಲು ನೀವ್ಯಾರು ಅಂದೆ. ಅವರು ಬಹಳ ಹೊತ್ತು ಬೈಸಿಕೊಂಡರು. ಆಮೇಲೆ ನೀವು ಮಾತಾಡಿದ್ದನ್ನು ಹೇಳಿದರು. ಊಟದ ವಿಷಯ ನೀವು ಹೇಳಿದ್ದು ಎರಡೇ ನಿಮಿಷವಂತೆ. ಲೈನು ಕಟ್ಟಾಯಿತು ಅಂದುಕೊಂಡು ಅವರು ಇಡಬೇಕು ಅನ್ನುವಷ್ಟರಲ್ಲಿ, ಬಸ್‌ಸ್ಟಾಪಿನಲ್ಲಿ ನನ್ನನ್ನು ಕಂಡದ್ದನ್ನು ಹೇಳಿದಿರಂತೆ. "ಬ್ಲೌಸು ಭುಜದಿಂದ ಜಾರ್ತಾ ಇತ್ತು. ಅತ್ತೇನೂ ಹಾಗೇ ಆಗಿದ್ರು. ನಾನು ಹೇಳಿದ್ರೆ ಅವಳು ಕೇಳಲ್ಲ, ಕೇಳೋ ಹಾಗೆ ನಾನು ಉಳಿಸ್ಕೊಂಡಿಲ್ಲ. ನೀವು ಹೇಳಿ" ಅಂದಿರಂತೆ. ಕೊನೆಗೆ, "ಈಗ ಏನು ತಿಂತಾಳೆ ಅವಳು?" ಅಂತ ನೀವೇ ಅವರನ್ನು ಕೇಳಿದಿರಂತೆ.

ಈ ಮಾತನ್ನು ಆ ಹೆಂಗಸು ಕಟ್ಟಿ ಹೇಳಿರಬಹುದು ಅಂತ ಎರಡು ದಿನ ಯೋಚಿಸಿದೆ. ಆದರೆ ಬ್ಲೌಸಿನ ವಿಷಯ ಅವರಿಗೆ ಗೊತ್ತಾಗಲು ಸಾಧ್ಯವಿಲ್ಲ. ವಿಡಿಯೋದಲ್ಲಿ ನಾನು ಯಾವಾಗಲೂ ಶಾಲು ಹೊದ್ದು ಕೂರುತ್ತೇನೆ. ಯಾಕೆ ಹೊದೆಯುತ್ತೇನೆ ಅಂತ ಬರೆಯಬೇಕಾಗಿ ಬಂದಿರುವುದರಿಂದ ಉಳಿದದ್ದನ್ನೂ ಬರೆದುಬಿಡುತ್ತೇನೆ.

ಏಳು ಕೆಜಿ ಇಳಿದಿದ್ದೇನೆ. ನಾಲ್ಕು ತಿಂಗಳ ಹಿಂದೆಯೇ ಒಬ್ಬ ವೈದ್ಯರು ಇದೇ ಪರೀಕ್ಷೆ ಬರೆದುಕೊಟ್ಟಿದ್ದರು. ಆ ಚೀಟಿಯನ್ನು ಮಿಕ್ಸಿಯ ಗ್ಯಾರಂಟಿ ಕಾರ್ಡಿನ ಜೊತೆ ಡ್ರಾಯರಿನಲ್ಲಿ ಹಾಕಿ, ಮಾರನೆಯ ದಿನವೇ ಪಕ್ಕದ ಮೇಜಿನವಳನ್ನು ಆ ಗಿಡಮೂಲಿಕೆಯವರ ವಿಳಾಸ ಕೇಳಿದೆ. ಅವಳಾಗಿ ತೋರಿಸಿದಳು ಅಂತ ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಮಲದ ಬಣ್ಣ ಕಪ್ಪಾಗಿದೆ, ಆಗಿನಿಂದಲೇ. ನಮೂನೆಯಲ್ಲಿ "ಮಾಮೂಲಿ" ಅಂತ ಬರೆದೆ. ಬೇರು ಮಾರುವವಳು ಒಳಗೆ ನೋಡು ಅನ್ನುವುದಿಲ್ಲ, ಪುಡಿ ಕೊಟ್ಟು ಸುಮ್ಮನಾಗುತ್ತಾಳೆ ಅಂತಲೇ ನಾನು ಅವರ ಹತ್ತಿರ ಹೋದದ್ದು. ಮೋಸಗಾರ್ತಿ ಇರಬಹುದು ಅಂತ ಅನುಮಾನಪಟ್ಟೆ ಅಂದೆನಲ್ಲ. ಮೋಸಗಾರ್ತಿಯೇ ಆಗಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಆಗ ಹೇಳಲಿಲ್ಲ ಅಂತ ನಿಮ್ಮನ್ನು ಬಿಟ್ಟು ಬಂದೆ. ಈಗ ಹೇಳಿದಿರಿ ಅಂತ ಜಗಳ ಮಾಡಲು ಪೆನ್ನು ಹಿಡಿದೆ. ನಾಲ್ಕು ಪುಟ ತುಂಬಿದ ಮೇಲೆ ನೋಡಿದರೆ, ನಾಲ್ಕು ತಿಂಗಳಿಂದ ಸುಳ್ಳು ಹೇಳುತ್ತಿರುವವಳು ನಾನು. ಅದೂ ನಿಮ್ಮಷ್ಟು ಚೆನ್ನಾಗಿ ಹೇಳಲು ಬರಲಿಲ್ಲ.

ಕ್ಷಮಿಸಿದ್ದೇನೆ ಅಂತ ತಿಳಿಯಬೇಡಿ. ಅದಕ್ಕೆ ಇನ್ನೂ ಸಮಯ ಬೇಕು. ನಿಮ್ಮ ಅಕ್ಕನಿಗೆ ಈ ಕಾಗದ ತೋರಿಸಬೇಡಿ. ತೋರಿಸಿಯೇ ತೋರಿಸುತ್ತೀರಿ ಅಂತಾದರೆ ಮಲದ ಬಣ್ಣದ ಸಾಲನ್ನಾದರೂ ಮಡಚಿಡಿ.

ಇಂತಿ,
ಕಾಗದಪತ್ರಗಳ ಪ್ರಕಾರ ಈಗಲೂ ನಿಮ್ಮ ಹೆಂಡತಿ

ತಾ.ಕ.: ಪರೀಕ್ಷೆ ಮುಂದಿನ ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ, ಸೇತುವೆಯ ಆಚೆಯ ಆಸ್ಪತ್ರೆಯಲ್ಲಿ, ಎರಡನೆಯ ಮಹಡಿ. ಮಂಪರಿನ ಔಷಧ ಕೊಡುತ್ತಾರಂತೆ, ಆದ್ದರಿಂದ ಜೊತೆಗೆ ಒಬ್ಬರು ಇರಲೇಬೇಕು. ಪಕ್ಕದ ಮೇಜಿನವಳು ರಜೆ ಹಾಕಿ ಬರುತ್ತೇನೆ ಅಂದಳು. ಬೇಡ, ಬೇರೆಯವರು ಬರುತ್ತಾರೆ ಅಂದುಬಿಟ್ಟಿದ್ದೇನೆ. ನನಗೆ ಪೂರ್ತಿ ಎಚ್ಚರವಾಗುವ ಮೊದಲೇ, ಒಳಗೆ ಕಂಡದ್ದನ್ನು ವೈದ್ಯರು ಜೊತೆಗೆ ಬಂದವರಿಗೆ ಹೇಳುತ್ತಾರಂತೆ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ, ಬಸ್ಸು ಬರುವುದರೊಳಗೆ ನನಗೆ ಹೇಳಿಬಿಡಿ.